ಕೊನೆಗಾರ ಕುಮಾರನೂ ನಲವತ್ತೆರಡರ ಚಾರ್ಜರೂ

ಭಂಡಿಗಡಿಯಲ್ಲಿ ಕುಮಾರನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವನು ಹದಿನಾರು ವರ್ಷ ಕೊನೆಗಾರನಾಗಿದ್ದ. ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೆಲಸ. ಎರಡು ಪಾದ ಸೇರಿಸಿ ಮರಕ್ಕೆ ಒತ್ತಿ ಹಿಡಿಯಲು ಹಗ್ಗದ ತಳೆ, ಮೇಲೆ ಹೋದ ಮೇಲೆ ಕೂರಲು ಒಂದು ಸಣ್ಣ ಕೊನೆಮಣೆ, ಇಷ್ಟೇ ಅವನ ಸಾಮಾನು. ಒಂದು ಮರದಲ್ಲಿ ಕೂತೇ ಪಕ್ಕದ ಮರವನ್ನು ಎಳೆದುಕೊಂಡು ದಾಟುತ್ತಿದ್ದ. ನೆಲಕ್ಕೆ ಇಳಿಯದೆ ಹತ್ತು ಹನ್ನೆರಡು ಮರ ಮುಗಿಸುತ್ತಿದ್ದ. ಕೆಳಗೆ ನಿಂತ ನಮಗೆ ಅವನ ಕಾಲು ಮಾತ್ರ ಕಾಣುತ್ತಿತ್ತು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನ ತಳೆ ನೆಂದಿತ್ತೆಂದು ಜೊತೆಯವನ ತಳೆ ಹಾಕಿಕೊಂಡು ಹತ್ತಿದ. ಅದು ಒಂದು ಬೆರಳಿನಷ್ಟು ಸಡಿಲವಿತ್ತು. ಅರ್ಧ ಮರದಿಂದ ಬಿದ್ದ. ಸೊಂಟದ ಮೂಳೆ ಕೂಡಿತು, ಎಡಗಾಲು ಮಾತ್ರ ಮೊದಲಿನಂತೆ ಆಗಲಿಲ್ಲ. ಕೋಲು ಹಿಡಿದು ಅರ್ಧ ಗಂಟೆ ನಿಲ್ಲುತ್ತಾನೆ, ಆಮೇಲೆ ಕೂರಲೇಬೇಕು.

ನಮ್ಮ ತೋಟದ ಯಜಮಾನರು ಹರಿಹರ ಭಟ್ಟರು. ಅವರು ಕುಮಾರನಿಗೆ ಅಂಗಳದ ಕೆಲಸ ಕೊಟ್ಟರು. ಬೇಯಿಸಿದ ಅಡಿಕೆಯನ್ನು ಸಿಮೆಂಟಿನ ಅಂಗಳದಲ್ಲಿ ಹರಡುತ್ತೇವೆ. ದಿನಕ್ಕೆ ನಾಲ್ಕು ಸಲ ಉದ್ದ ಹಿಡಿಯ ಗೋರುಮಣೆಯಿಂದ ಎಳೆದು ಮಗುಚಬೇಕು, ಮೋಡ ಕಂಡರೆ ಬಾಚಿ ಒಂದು ಕಡೆ ಗುಡ್ಡೆ ಮಾಡಿ ಮುಚ್ಚಬೇಕು. ಹೋದ ವರ್ಷ ಅವನು ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಗೋರುಮಣೆ ಹಿಡಿದು ಮಾಡಿದ. ಒಂದು ದಿನ ಮೂರು ಗಂಟೆಗೆ ಮೋಡ ಎದ್ದಿತು. ಅವನು ಅಂಗಳದ ಆ ಕೊನೆ ಮುಟ್ಟುವುದರೊಳಗೆ ಈ ಕೊನೆಯ ಅಡಿಕೆ ನೆನೆಯಿತು. ಭಟ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಕುಮಾರ ಎಷ್ಟೋ ಸಲ ಹೇಳಿದ್ದಾನೆ.

ಈ ವರ್ಷ ದೀಪಾವಳಿಗೆ ಮೊದಲು ಭಟ್ಟರ ಮನೆ ಅಟ್ಟ ಗುಡಿಸುವಾಗ ಒಂದು ಹೋವರ್‌ಬೋರ್ಡು ಸಿಕ್ಕಿತು. ಭಟ್ಟರ ಮೊಮ್ಮಗಳು ಗಗನಾ ಸಣ್ಣವಳಿದ್ದಾಗ ಆಡಿದ್ದು. ಬ್ಯಾಟರಿಯಲ್ಲಿ ಓಡುವ ಎರಡು ಗಾಲಿಯ ಹಲಗೆ. ಅದಕ್ಕೆ ಸಿಕ್ಕಿಸಲು ಕುರ್ಚಿಯಂಥದ್ದೊಂದು, ಅದರ ಮುಂದೆ ಒಂದು ಚಿಕ್ಕ ಗಾಲಿ, ಎರಡು ಕಡೆ ಹಿಡಿ. ಹಿಡಿ ಒತ್ತಿದರೆ ಮುಂದೆ, ಎಳೆದರೆ ಹಿಂದೆ. ಕುಮಾರ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಮ್ಮಾವ್ರೆ, ಇದನ್ನ ಎಸಿತೀರಾ?" ಎಂದು ಕೇಳಿದ.

"ತಗಂಡು ಹೋಗು ಮಾರಾಯ. ಚಾರ್ಜರ್ ಎಲ್ಲಿ ಹೋಯ್ತೋ ಗೊತ್ತಿಲ್ಲ" ಎಂದರು ಭಟ್ಟರ ಹೆಂಡತಿ ವೇದಾವತಿಯಮ್ಮ.

ಕುರ್ಚಿಯ ಪ್ಲಾಸ್ಟಿಕ್ಕು ಒಡೆದಿತ್ತು. ಕುಮಾರ ತನ್ನ ಹಳೆಯ ಕೊನೆಮಣೆ ತಂದು ಅಲ್ಲಿ ಬಿಗಿದ. ಅಳತೆ ಸರಿಯಾಗಿ ಕೂತಿತು. ಬೋರ್ಡಿಗೆ ಅಟ್ಟದ ಥಂಡಿ ಹಿಡಿದಿದೆ ಎಂದು ಅವನ ಹೆಂಡತಿ ಭಾಗ್ಯ ಅದನ್ನು ಒರೆಸಿ ಬಚ್ಚಲೊಲೆಯ ಮೇಲಿನ ಹಲಗೆಯಲ್ಲಿ ಇಟ್ಟಳು. ನಮ್ಮಲ್ಲಿ ತೇವ ಕಂಡದ್ದೆಲ್ಲ ಅಲ್ಲಿಗೇ ಹೋಗುವುದು. ಸೌತೆ ಬೀಜ, ಕಾಳುಮೆಣಸು, ಒದ್ದೆ ಚಪ್ಪಲಿ. ನಾನೂ ನೋಡಿದೆ, ಒಳ್ಳೆಯ ಕೆಲಸ ಮಾಡಿದೆ ಎಂದೇ ಹೇಳಿದೆ. ಹನ್ನೆರಡು ದಿನ ಅಲ್ಲೇ ಇತ್ತು.

ಹನ್ನೆರಡನೆಯ ದಿನ, ಬುಧವಾರ, ಭಟ್ಟರು ಬೇಲಿಯ ಹತ್ತಿರ ನಿಂತು ಕರೆದರು.

"ಕುಮಾರ, ಸೋಮವಾರ ಮೊದಲ್ನೇ ಅಡಿಕೆ ಅಂಗಳಕ್ಕೆ ಬರ್ತದೆ. ನಿನ್ನ ಕೈಲಿ ಆಗ್ತದಾ ಇಲ್ವಾ ಅಂತ ಹೇಳು. ಪ್ರಕಾಶಂಗೂ ಬಾ ಅಂದಿದೀನಿ."

"ಆಗ್ತದೆ ಭಟ್ರೆ. ಸೋಮವಾರ ನೋಡಿ, ಆಮೇಲೆ ಹೇಳಿ" ಎಂದ ಕುಮಾರ.

ಪ್ರಕಾಶ ಶೆಟ್ಟಿಕೊಪ್ಪದವನು, ಭಾಗ್ಯಳ ತಮ್ಮ. ಬೇರೆ ಯಾರಾದರೂ ಆಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅಂಗಳ ಹೋದರೆ ಕುಮಾರನಿಗೆ ಮಾಡಲು ಬೇರೆ ಕೆಲಸವಿಲ್ಲ. ಅಡಿಕೆ ಸುಲಿಯಲು ನೆಲದಲ್ಲಿ ಕಾಲು ಮಡಚಿ ಕೂರಬೇಕು, ಅವನ ಸೊಂಟ ಬಗ್ಗುವುದಿಲ್ಲ.

ಅಂದೇ ಸಂಜೆ ಅವನು ಔಷಧಿ ಹೊಡೆಯುವ ಬ್ಯಾಟರಿ ಪಂಪಿನ ಚಾರ್ಜರ್ ತಂದು ನೋಡಿದ. ಪಂಪಿನದು ಒಂದೇ ಕಡ್ಡಿ. ಬೋರ್ಡಿನ ಬಾಯಿ ದುಂಡಗೆ, ಒಳಗೆ ಮೂರು ಕಡ್ಡಿ, ಪಕ್ಕದಲ್ಲಿ ಒಂದು ಕಚ್ಚು. ಕೂರಲಿಲ್ಲ. ಶುಕ್ರವಾರ ಪ್ರಕಾಶ ತನ್ನ ಕರೆಂಟ್ ಸ್ಕೂಟರಿನಲ್ಲಿ ಬಂದ, ಅದರ ಚಾರ್ಜರನ್ನೂ ತಂದಿದ್ದ.

"ಭಾವ, ನಂದೇ ತಗಳಿ. ತುದಿ ಕತ್ತರಿಸಿ ವೈರಿಗೆ ವೈರು ಸುತ್ತಿದ್ರೆ ಆಯ್ತು. ದೊಡ್ಡದು, ಬೇಗ ತುಂಬ್ತದೆ."

"ನಿನ್ ಸ್ಕೂಟರಿಗೆ ಎಂತ ಮಾಡ್ತೀಯ?"

"ತಳ್ಳಿಕೊಂಡು ಹೋಗ್ತೀನಿ, ಅಕ್ಕನ ಮನೆ ಊಟ ಕರಗ್ಬೇಕಲ್ಲ."

ಕುಮಾರ ನಗಲಿಲ್ಲ. ಬೋರ್ಡನ್ನು ಮಗುಚಿ ಹೊಟ್ಟೆಯ ಮೇಲಿನ ಚೀಟಿ ನನಗೆ ತೋರಿಸಿದ.

"ಹೊನ್ನಕ್ಕ, ಕನ್ನಡಕ ಹಾಕ್ಕಂಡು ಇದನ್ನ ಓದು."

ಅಕ್ಷರ ಇಂಗ್ಲೀಷಿನವು, ನನಗೆ ಬರುವುದಿಲ್ಲ. ಅಂಕಿ ಬರುತ್ತದೆ. ಒಂದು ಕಡೆ ನಲವತ್ತೆರಡು, ಅದರ ಮುಂದೆ ಎರಡು. ಸ್ಕೂಟರಿನ ಚಾರ್ಜರಿನಲ್ಲಿ ಐವತ್ತನಾಲ್ಕು ಇತ್ತು. ಎರಡೆರಡು ಸಲ ಓದಿ ಹೇಳಿದೆ.

"ಹನ್ನೆರಡು ಹೆಚ್ಚು ತಾನೆ ಭಾವ? ಹೆಚ್ಚಾದ್ರೆ ಒಳ್ಳೇದಲ್ವಾ?"

"ನಾನು ಬಿದ್ದ ದಿವ್ಸ ತಳೆ ಹೆಚ್ಚಾಗಿದ್ದು ಒಂದೇ ಬೆರಳು ಮಾರಾಯ" ಎಂದ ಕುಮಾರ. "ಬೇರೆಯವ್ರದ್ದು ಹಾಕ್ಕಂಡು ಒಂದ್ಸಲ ನೋಡಿ ಆಗಿದೆ. ಇದಕ್ಕೆ ಇದರದ್ದೇ ಅಳತೆ ಬೇಕು."

ಪ್ರಕಾಶ ಚಾರ್ಜರನ್ನು ಚೀಲಕ್ಕೆ ಹಾಕಿಕೊಂಡ.

ಶನಿವಾರ ಕುಮಾರ, ಭಾಗ್ಯ, ನಾನು ಕೊಪ್ಪಕ್ಕೆ ಹೋದೆವು. ನನಗೆ ಪಿಂಚಣಿಯ ಕೆಲಸವಿತ್ತು. ಬೋರ್ಡನ್ನು ಗೋಣಿಚೀಲಕ್ಕೆ ಹಾಕಿದ್ದೆವು. ಬಸ್ಸಿನ ಕಂಡಕ್ಟರು ಚೀಲವನ್ನು ಕಾಲಿನಿಂದ ಮುಟ್ಟಿ, "ಎಂತದು ಇದು, ಹಂದಿಮರಿಯಾ?" ಎಂದ. ಭಾಗ್ಯ, "ಹೌದು, ಗಾಲಿ ಇರೋ ಜಾತಿ" ಎಂದಳು.

ಬಸ್ ಸ್ಟ್ಯಾಂಡಿನ ಹಿಂದೆ ಷಡಕ್ಷರಿಯ ರಿಪೇರಿ ಅಂಗಡಿ. ಮಿಕ್ಸಿ, ಮೊಬೈಲು, ಟಾರ್ಚು ಎಲ್ಲ ಮಾಡುತ್ತಾನೆ. ಅವನು ಚೀಲದಿಂದ ಬೋರ್ಡು ತೆಗೆದು ಮೂಸಿ ನೋಡಿದ.

"ಹೊಗೆ ವಾಸ್ನೆ ಬರ್ತದಲ್ಲ, ಎಲ್ಲಿ ಇಟ್ಟಿದ್ರಿ?"

"ಬಚ್ಚಲೊಲೆ ಮೇಲೆ. ಥಂಡಿ ಹಿಡಿದಿತ್ತು" ಎಂದಳು ಭಾಗ್ಯ.

ಷಡಕ್ಷರಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಬ್ಯಾಟರಿನ ಕಾಳುಮೆಣಸು ಅಂತ ತಿಳ್ಕಂಡ್ಯಾ ಮಾರಾಯ್ತಿ? ಇದಕ್ಕೆ ಬಿಸಿ ಆಗಿಬರಲ್ಲ. ಉಬ್ಬಿ ಬೆಂಕಿ ಹತ್ತಿದ್ರೆ ಬಚ್ಚಲೂ ಇಲ್ಲ, ಮನೆಯೂ ಇಲ್ಲ."

ಭಾಗ್ಯಳ ಮುಖ ಸಣ್ಣದಾಯಿತು. ನಾನೂ ಒಳ್ಳೆಯದು ಅಂದಿದ್ದೆ ಎಂದು ಹೇಳಿದೆ. ಅವನು ಮುಚ್ಚಳ ಬಿಚ್ಚಿದ. ನಾವು ಮೂವರೂ ಬಗ್ಗಿದೆವು. ಒಳಗಿನ ಬ್ಯಾಟರಿಯ ನೀಲಿ ಹೊದಿಕೆ ನಾಲ್ಕು ಕಡೆಯೂ ಮಟ್ಟಸವಾಗಿತ್ತು. ಅವನು ಬೆರಳು ಆಡಿಸಿ ನೋಡಿದ, ಮೀಟರಿನ ಎರಡು ಕಡ್ಡಿ ಇಟ್ಟ. ಮೂವತ್ತಮೂರು ಎಂದು ಬಂತು.

"ಜೀವ ಉಂಟು. ಉಬ್ಬಿದ್ರೆ ನಾನು ಮುಟ್ತಿರ್ಲಿಲ್ಲ, ಎಸೀರಿ ಅಂತಿದ್ದೆ. ನಲವತ್ತೆರಡು ವೋಲ್ಟಿಗೆ ತುಂಬ್ತದೆ. ಇದರದ್ದೇ ಚಾರ್ಜರ್ ನನ್ನ ಹತ್ರ ಇಲ್ಲ, ಶಿವಮೊಗ್ಗದಿಂದ ತರ್ಸಿ, ನಾಳೆ ನಿಮ್ಮೂರಿಗೆ ಮೂರು ಗಂಟೆಗೆ ಬರೋ ಬಸ್ಸಿಗೆ ಹಾಕ್ಸಿ ಕೊಡ್ತೀನಿ."

"ಸೋಮವಾರ ಬೆಳಿಗ್ಗೆಗೆ ಬೇಕೇ ಬೇಕು" ಎಂದ ಕುಮಾರ.

"ತುಂಬಕ್ಕೆ ಮೂರು ಗಂಟೆ ಸಾಕು. ಸಿಮೆಂಟು ನೆಲದ ಮೇಲೆ ಇಡಿ, ಹತ್ರ ಬಟ್ಟೆ ಕಟ್ಟಿಗೆ ಎಂತದೂ ಬೇಡ. ಯಾರಾದ್ರೂ ಒಬ್ರು ಹತ್ರ ಕೂತಿರ್ಬೇಕು. ಕೆಂಪು ದೀಪ ಹಸಿರಾದ ಕೂಡ್ಲೇ ತೆಗೀರಿ. ಕೈ ಇಟ್ರೆ ಸುಡ್ತದೆ ಅನ್ಸಿದ್ರೆ ಮೊದ್ಲೇ ತೆಗೀರಿ."

ಬರುವಾಗ ಬಸ್ಸಿನಲ್ಲಿ ಭಾಗ್ಯ ಕಿಟಕಿಯ ಕಡೆ ತಿರುಗಿ ಕೂತಳು. ಕುಮಾರ, "ಮೆಣಸು ಆದ್ರೂ ಚೆನ್ನಾಗಿ ಒಣಗಿದೆ ಬಿಡು" ಎಂದ. ಅವಳು ಅವನ ಕೋಲಿಗೆ ಒಂದು ಒದೆ ಕೊಟ್ಟಳು.

ಭಾನುವಾರ ಮೂರೂಕಾಲಿಗೆ ಭಾಗ್ಯ ಬಸ್ಸಿನಿಂದ ಪೊಟ್ಟಣ ತಂದಳು. ಮೊದಲು ನಾನು ಅಂಕಿ ಓದಿದೆ. ನಲವತ್ತೆರಡು, ಎರಡು. ಕಚ್ಚಿಗೆ ಕಚ್ಚು ಹೊಂದಿಸಿ ಒತ್ತಿದರೆ ಕೂತಿತು. ನಮ್ಮ ಮನೆ ಮುಂದಿನ ಜಗಲಿ ಸಿಮೆಂಟಿನದು, ಅಲ್ಲೇ ಇಟ್ಟೆವು. ಕೆಂಪು ದೀಪ ಬಂತು. ನಾನು ಪಕ್ಕದಲ್ಲಿ ಕೂತೆ. ನಾಲ್ಕು ಗಂಟೆಗೆ ಕರೆಂಟು ಹೋಯಿತು. ಐದಾಯಿತು, ಆರಾಯಿತು, ಬರಲಿಲ್ಲ. ಲೈನಿನ ಮೇಲೆ ಕೊಂಬೆ ಬಿದ್ದಿದೆ ಎಂದರು. ಕುಮಾರ ಚಾರ್ಜರ್ ತೆಗೆದು ಎರಡನ್ನೂ ಒಳಗಿಟ್ಟು ಊಟ ಮಾಡಿ ಮಲಗಿದ. ಗೋಡೆಯ ಆ ಕಡೆ ಅವನು ಮಗ್ಗುಲು ಬದಲಿಸುವುದು ನನಗೆ ಕೇಳುತ್ತಿತ್ತು.

ಬೆಳಿಗ್ಗೆ ಐದೂವರೆಗೆ ಕರೆಂಟು ಬಂತು. ನಾನು ಗೋಡೆ ಬಡಿದೆ. ಅಷ್ಟರಲ್ಲಿ ಭಾಗ್ಯ ಬೋರ್ಡನ್ನು ಜಗಲಿಗೆ ತಂದಾಗಿತ್ತು. ಏಳು ಗಂಟೆಗೆ ಪ್ರಕಾಶನ ಸ್ಕೂಟರು ಭಟ್ಟರ ಅಂಗಳದ ಕಡೆ ಹೋಯಿತು. ಕುಮಾರ ಅದನ್ನು ನೋಡಿದ, ದೀಪವನ್ನು ನೋಡಿದ. ದೀಪ ಕೆಂಪಗೇ ಇತ್ತು.

"ಸಾಕು ತೆಗೀರಿ, ಹೊತ್ತಾಯ್ತು" ಎಂದಳು ಭಾಗ್ಯ.

"ಹಸಿರಾಗ್ಲಿ."

ಎಂಟಕ್ಕೆ ಹತ್ತು ನಿಮಿಷವಿದ್ದಾಗ ಹಸಿರಾಯಿತು. ಕೈ ಇಟ್ಟು ನೋಡಿದೆ, ಎಳೆ ಬಿಸಿಲಿಗೆ ಇಟ್ಟ ಕಲ್ಲಿನಷ್ಟು ಬೆಚ್ಚಗಿತ್ತು.

ಅಂಗಳದಲ್ಲಿ ಅಡಿಕೆ ಹರಡಿ ಆಗಿತ್ತು. ಪ್ರಕಾಶ ಗೋರುಮಣೆ ಹಿಡಿದು ನಿಂತಿದ್ದ, ಆದರೆ ಎಳೆದಿರಲಿಲ್ಲ. ಅಡಿಕೆಯನ್ನು ನಾಲ್ಕು ಪಟ್ಟಿ ಮಾಡಿ ನಡುವೆ ಎರಡಡಿ ದಾರಿ ಬಿಡಿಸಿದ್ದ.

"ಭಾವ ಬರ್ಲಿ ಅಂತ ಕಾಯ್ತಿದ್ದೆ. ಭಟ್ರು ಬೈತಾ ಇದಾರೆ" ಎಂದ.

ಕುಮಾರ ಕೊನೆಮಣೆಯ ಮೇಲೆ ಕೂತ. ಹಿಡಿ ಎಳೆದ, ಬೋರ್ಡು ಹಿಂದಕ್ಕೆ ಹೋಗಿ ಅಡಿಕೆ ಸಿಪ್ಪೆಯ ರಾಶಿಯಲ್ಲಿ ಅವನನ್ನು ಕೂರಿಸಿತು. ಸುಲಿಯುವ ಹೆಂಗಸರೆಲ್ಲ ನಕ್ಕರು. ಭಟ್ಟರು ನಗಲಿಲ್ಲ. ಎರಡನೆಯ ಸಲ ಮೆಲ್ಲಗೆ ಒತ್ತಿದ. ಮುಂದೆ ಹೋಯಿತು. ನಿಲ್ಲಿಸಿದ, ಪ್ರಕಾಶನ ಕೈಯಿಂದ ಗೋರುಮಣೆ ತೆಗೆದುಕೊಂಡು ಎಡಕ್ಕೊಮ್ಮೆ ಎಳೆದ, ಬಲಕ್ಕೊಮ್ಮೆ ಎಳೆದ. ಮತ್ತೆ ಒಂದು ಮಾರು ಮುಂದೆ. ಮರದಿಂದ ಮರಕ್ಕೆ ದಾಟುವಾಗ ಅವನು ಹೀಗೇ ಮಾಡುತ್ತಿದ್ದ. ಮೊದಲು ಸರಿಯಾಗಿ ಕೂರುವುದು, ಕೊಯ್ಯುವುದು, ಆಮೇಲೆ ದಾಟುವುದು.

ಅಂಗಳ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಹೋದ ವರ್ಷ ಒಂದು ಗಂಟೆ ಹಿಡಿಯುತ್ತಿತ್ತು. ತಿರುವಿನಲ್ಲಿ ಗಾಲಿಗೆ ಸಿಕ್ಕಿ ಐದು ಅಡಿಕೆ ಒಡೆದಿದ್ದವು. ಭಟ್ಟರು ಬಗ್ಗಿ ಒಂದೊಂದನ್ನೇ ಹೆಕ್ಕಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು.

"ಪ್ರಕಾಶ, ನೀನು ಬೇಯಿಸೋ ಒಲೆ ಹತ್ರ ಹೋಗು, ಅಲ್ಲೊಬ್ರು ಬೇಕು" ಎಂದರು ಭಟ್ಟರು. ಆಮೇಲೆ ನಮ್ಮ ಹೆಂಗಸರ ಕಡೆ ತಿರುಗಿ, "ನಾಳೆ ಹರಡುವಾಗ ದಾರಿ ಇನ್ನೊಂದು ಗೇಣು ಅಗಲ ಬಿಡ್ರೇ" ಎಂದರು.

ಈಗ ಆ ಚಾರ್ಜರು ಕುಮಾರನ ಮನೆಯಲ್ಲಿ ಒಲೆಯಿಂದ ದೂರ ಒಂದು ಮೊಳೆಗೆ ನೇತಾಡುತ್ತದೆ. ಪಂಪಿನದರ ಜೊತೆ ಬೆರೆಯದಿರಲಿ ಎಂದು ಭಾಗ್ಯ ಅದಕ್ಕೆ ಕೆಂಪು ದಾರ ಕಟ್ಟಿದ್ದಾಳೆ. ಮೊದಲು ಆ ಮೊಳೆಯಲ್ಲಿ ಅವನ ತಳೆ ಇರುತ್ತಿತ್ತು.