ಚೆಂಡುಹೂವಿನ ಮೊಳೆ

ಅಪ್ಪನಿಗೆ ಆ ಮರ ಕೊಯ್ಯುವ ಮಿಲ್ಲಿನ ಮೇಲಿದ್ದಷ್ಟು ಅಕ್ಕರೆ ನನ್ನ ಮೇಲಿರಲಿಲ್ಲ. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಎರಡು ಸಾವಿರದ ಎಂಟರಲ್ಲಿ ಎಂಜಿನಿಯರ್ ಕೆಲಸ ಹೋದ ಮೇಲೆ ಅವನು ಡುಲುತ್ ಪಟ್ಟಣದ ಮನೆ ಮಾರಿ, ಕೆರೊಲೈನಾದ ಗುಡ್ಡಗಳ ನಡುವಿನ ಈ ಹಳೇ ಮಿಲ್ಲನ್ನು ಕೊಂಡ. ಹಳ್ಳದ ನೀರನ್ನು ಹರಿಯಬಿಟ್ಟರೆ ಹೊರಗೆ ನೀರಿನ ಚಕ್ರ, ಒಳಗೆ ದುಂಡು ಗರಗಸ ತಿರುಗುತ್ತಿದ್ದವು. ಅಮ್ಮನೂ ನಾನೂ ದಿನವಿಡೀ ಮರದ ಹೊಟ್ಟು ಗುಡಿಸುತ್ತಿದ್ದೆವು.

ಮಾರಿದವನು ಎಪ್ಪತ್ತು ದಾಟಿದ ಒಬ್ಬ ಬಿಳಿಯ ಅಜ್ಜ. ಮಿಲ್ಲು ಕಟ್ಟಿದ್ದು ಅವನ ತಾತ. ಕೈ ನಡೆಯುವತನಕ ಗರಗಸದ ಮುಂದೆ ತಾನೇ ನಿಲ್ಲಬೇಕು ಎಂಬುದೊಂದೇ ಅವನು ಕೇಳಿಕೊಂಡದ್ದು. ಅಪ್ಪ ಒಪ್ಪಿ ಕೈ ಕುಲುಕಿದ್ದ. ಆಮೇಲೆ ಆ ಜಾಗ ತನಗೇ ಬೇಕೆಂದು ಒಳಗೊಳಗೇ ಕುದಿಯುತ್ತಿದ್ದ. ಅಜ್ಜ ಪ್ರತಿ ದಿಮ್ಮಿಯನ್ನೂ ಅಂಗೈಯಿಂದ ಸವರಿ ನೋಡಿಯೇ ಕೊಯ್ಯುತ್ತಿದ್ದ. ಹಿಂದೆಂದೋ ಮರಕ್ಕೆ ಹೊಡೆದ ಬೇಲಿಯ ಮೊಳೆಯೊಂದು ತೊಗಟೆಯಲ್ಲಿ ಉಳಿದಿದ್ದರೂ ಗರಗಸದ ಕತೆ ಮುಗಿದಂತೆ.

ಮೂರನೇ ವರ್ಷದ ಆಯುಧಪೂಜೆಯ ದಿನ ಅಜ್ಜ ಬೆಳಿಗ್ಗೆಯೇ ಓಕ್ ದಿಮ್ಮಿಯೊಂದನ್ನು ಸವರಿ, ಗರಗಸಕ್ಕೆ ಒಯ್ಯುವ ಬಂಡಿಯ ಮೇಲೆ ಕೂರಿಸಿದ್ದ.

“ದನ ತಿಂತಾನ. ಆರತಿ ಆಗೂತನಕ ಹೊರಗಿರ್ಲಿ” ಎಂದ ಅಪ್ಪ.

ಅಜ್ಜ ಟೋಪಿ ಕೈಯಲ್ಲಿ ಹಿಡಿದು ಬಾಗಿಲಾಚೆ ನಿಂತ. ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಯಿಂದ ತಂದಿದ್ದ ಚೆಂಡುಹೂವಿನ ಮಾಲೆಯನ್ನು ನಾನು ದಿಮ್ಮಿಗೆ ಹಾಕಿದೆ. ಜಾರಿತು. ಅದು ನಿಲ್ಲಲೆಂದು ಅಪ್ಪನ ಡಬ್ಬಿಯಿಂದ ಹೊಸ ಮೊಳೆಯೊಂದನ್ನು ತೆಗೆದು ದಿಮ್ಮಿಗೆ ಹೊಡೆದೆ.

“ಮುಹೂರ್ತ ಮೀರಲಿಕತ್ತದ, ಲಗೂ ಸ್ಟಾರ್ಟ್ ಮಾಡ್ರಿ!” ಎಂದು ಅಮ್ಮ ಅಪ್ಪನಿಗೆ ಕೂಗಿದಳು.

ಗಡಿಬಿಡಿಯಲ್ಲಿ ಮಾಲೆ ಕಿತ್ತೆ, ಮೊಳೆ ಮರೆತೆ. ಒಳಗೆ ಬಂದ ಅಜ್ಜ ಮತ್ತೆ ಸವರಲು ಕೈ ಚಾಚಿದ. ಬೆಳಿಗ್ಗೆ ನೋಡಿದ್ದೀಯಲ್ಲ ಎಂದು ಅಪ್ಪ ಆ ಕೈಯನ್ನು ತಳ್ಳಿ ನೀರು ಬಿಡಿಸಿದ.

ಗರಗಸ ಕಿರುಚಿತು. ಅದರ ಮುರಿದ ಹಲ್ಲೊಂದು ಅಜ್ಜನ ಕೆನ್ನೆ ಸೀಳಿ ಗೋಡೆಗೆ ನಾಟಿತು. ಅಮ್ಮ ಟವೆಲ್ ಒತ್ತಿ ಹಿಡಿದಳು. ಅಪ್ಪ ಇಕ್ಕಳದಿಂದ ತುಂಡು ಮೊಳೆಯನ್ನು ಕಿತ್ತು, ಒಮ್ಮೆ ನೋಡಿ ಜೇಬಿಗಿಳಿಸಿದ. ಬೇಲಿಯ ಮೊಳೆ, ನಿನ್ನ ಕೈ ಇನ್ನು ನಡೆಯುವುದಿಲ್ಲ, ನಾಳೆಯಿಂದ ಬರಬೇಡ ಎಂದು ಇಂಗ್ಲಿಷಿನಲ್ಲಿ ಹೇಳಿದ.

ಅಜ್ಜ ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಆ ಮೊಳೆ ಹೊಡೆದದ್ದು ನಾನೆಂದು ಹೇಳಲಿಲ್ಲ. ಹೇಳಿದ್ದರೆ ಅಪ್ಪ ಹೊಡೆಯುತ್ತಿರಲಿಲ್ಲ, ನನ್ನೊಡನೆ ಮಾತು ಬಿಡುತ್ತಿದ್ದ. ಅಷ್ಟಕ್ಕೇ ಹೆದರಿದ ಹೇಡಿ ನಾನು.

ಕೆಲವು ವಾರ ಅಜ್ಜ ಹಳ್ಳದಾಚೆ ಟ್ರಕ್ ನಿಲ್ಲಿಸಿ, ಚಕ್ರ ತಿರುಗುವುದನ್ನು ನೋಡುತ್ತಾ ಕೂತಿರುತ್ತಿದ್ದ. ಅಪ್ಪ ಅಡ್ಡ ಬೇಲಿ ಹಾಕಿಸಿದ. ಚಳಿಗಾಲಕ್ಕೆ ಟ್ರಕ್ ಬರುವುದೂ ನಿಂತಿತು.

ಅಪ್ಪ ಅದು ಬೇಲಿಯ ಮೊಳೆಯೆಂದೇ ನಂಬಿದ್ದಾನೆ, ಪಾಪವೆಲ್ಲ ನನ್ನೊಬ್ಬಳದೇ ಎಂದು ವರ್ಷವಿಡೀ ಸಂಕಟಪಟ್ಟೆ. ಮುಂದಿನ ಆಯುಧಪೂಜೆಗೆ, ಗರಗಸದ ಮುಂದೆ ತಾನೇ ನಿಂತಿದ್ದ ಅಪ್ಪ ನನ್ನನ್ನು ಕರೆದು ಮಾಲೆ ಕೊಟ್ಟ. ಜೊತೆಗೆ ಒಂದು ದಾರದ ಉಂಡೆ.

“ಈ ಸಲ ದಾರದ್ಲೆ ಕಟ್ಟು, ಮಗಳ” ಎಂದ.