ಬೆಳಿಗ್ಗೆ ಎದ್ದ ಕೂಡಲೇ ಏನು ನುಂಗ್ತೀರಿ?

ಬೆಳಿಗ್ಗೆ ಐದೂ ಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ರಕ್ತ ಪರೀಕ್ಷೆಯ ಕೊಠಡಿ ಇನ್ನೂ ಪೂರ್ತಿ ತೆರೆದಿಲ್ಲ. ಹೊರಗಿನ ಬೆಂಚುಗಳಲ್ಲಿ ಆಗಲೇ ಹತ್ತೊಂಬತ್ತು ಜನ ಕಾದಿದ್ದಾರೆ. ಯಾರ ಹೊಟ್ಟೆಯಲ್ಲೂ ಏನೂ ಇಲ್ಲ, ಹಾಗಾಗಿ ಯಾರಿಗೂ ತಾಳ್ಮೆಯೂ ಇಲ್ಲ. ಒಳಗೆ ಸೂಜಿ ಅಕ್ಕ ರಬ್ಬರ್ ಪಟ್ಟಿಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದಾರೆ. ಈ ಹೆಸರನ್ನು ಕೊಟ್ಟವರು ರೋಗಿಗಳು. ಆಸ್ಪತ್ರೆ ಅವರಿಗೆ ಕೊಟ್ಟಿರುವುದು ಗಾಲಿ ಮುರಿದ ಒಂದು ಕುರ್ಚಿ.

ಮೊದಲು ಬಂದವರು ಲಾರಿ ಚಾಲಕರು. ರಕ್ತ ಕಡಿಮೆ ಎಂದು ಇದು ಅವರ ನಾಲ್ಕನೆಯ ಭೇಟಿ. ಫಾರ್ಮಿನಲ್ಲಿ 'ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು' ಎಂಬ ಜಾಗದಲ್ಲಿ ಕಬ್ಬಿಣದ ಮಾತ್ರೆ ಎಂದಷ್ಟೇ ಇದೆ. ಸೂಜಿ ಅಕ್ಕ ಫಾರ್ಮನ್ನು ಪಕ್ಕಕ್ಕಿಟ್ಟು ಬೇರೆಯೇ ಪ್ರಶ್ನೆ ಕೇಳುತ್ತಾರೆ.

"ಅಣ್ಣ, ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮುಂಚೆ ಏನು ನುಂಗ್ತೀರಿ?"

"ಅದಾ? ಅದು ಗ್ಯಾಸ್ ಮಾತ್ರೆ. ಅದೇನು ಔಷಧೀನಾ?"

ಎಷ್ಟು ದಿನದಿಂದ ಎಂದರೆ, ಮಗಳ ಮದುವೆಗೂ ಮುಂಚಿನಿಂದ ಎನ್ನುತ್ತಾರೆ. ಆ ಮಗಳಿಗೀಗ ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಸೂಜಿ ಅಕ್ಕ ಅದನ್ನು ಫಾರ್ಮಿನ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಇದೇ ಉತ್ತರವನ್ನು ದಿನಕ್ಕೆ ಹತ್ತು ಸಲ ಕೇಳಿದರೆ ಯಾರಿಗಾದರೂ ತಲೆ ಕೆಡುತ್ತದೆ.

ವಿಷಯ ಬ್ರಹ್ಮವಿದ್ಯೆಯೇನಲ್ಲ. ಊಟದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತುವಂತೆ ಮಾಡುವುದಕ್ಕೆ ಹೊಟ್ಟೆಯಲ್ಲಿ ಹುಳಿ ಬೇಕು, ಅಂದರೆ ಆಮ್ಲ ಬೇಕು. ಕೆಲವರಿಗೆ ವಯಸ್ಸಾದಂತೆ, ಇಲ್ಲವೇ ಜಠರದ ಕಾಯಿಲೆಯಿಂದ ಅದು ತಾನಾಗಿಯೇ ಕಡಿಮೆಯಾಗುತ್ತದೆ. ಇನ್ನು ಕೆಲವರು ಎದೆಯುರಿಗೆಂದು ಒಂದು ತಿಂಗಳಿಗೆ ಬರೆದುಕೊಟ್ಟ ಗ್ಯಾಸ್ ಮಾತ್ರೆಯನ್ನು ಹತ್ತು ವರ್ಷ ನುಂಗಿ ತಾವೇ ಕಡಿಮೆ ಮಾಡಿಕೊಳ್ಳುತ್ತಾರೆ. ಆಮೇಲೆ ಕಬ್ಬಿಣದ ಮಾತ್ರೆಯನ್ನು ಎಷ್ಟು ನುಂಗಿದರೂ ಅದರಲ್ಲಿ ಬಹುಪಾಲು ಬಂದ ದಾರಿಗೆ ಸುಂಕವಿಲ್ಲದೆ ಹೊರಟುಹೋಗುತ್ತದೆ. ಬರೆಯುತ್ತಿರುವ ನಾನೇನು ಕಡಿಮೆಯೇ? ರಕ್ತ ಕೊಡಲು ಕೂತಾಗ ಅದೇ ಪ್ರಶ್ನೆಯನ್ನು ಅಕ್ಕ ನನಗೆ ಕೇಳಿದರೆ ಏನೂ ಇಲ್ಲ ಎಂದೆ. ಗ್ಯಾಸ್ ಮಾತ್ರೆಯ ಸ್ಟ್ರಿಪ್ ನನ್ನ ಚೀಲದಲ್ಲೇ ಇತ್ತು.

ನರ್ಸ್ ಆಗಬೇಕೆಂದಿದ್ದ ಸೂಜಿ ಅಕ್ಕ, ಅಮ್ಮ ಹಾಸಿಗೆ ಹಿಡಿದದ್ದರಿಂದ ಓದನ್ನು ಅರ್ಧಕ್ಕೆ ಬಿಟ್ಟವರು. ಇದೇ ಕೊಠಡಿಯಲ್ಲಿ ಗಾಜಿನ ನಳಿಕೆ ತೊಳೆಯಲು ಸೇರಿ ಇಪ್ಪತ್ತೆರಡು ವರ್ಷವಾಯಿತು. ಈಗ ದಿನಕ್ಕೆ ನೂರಿಪ್ಪತ್ತು ಜನರ ರಕ್ತ ತೆಗೆಯುತ್ತಾರೆ. ಬಲಗೈ ಹೆಬ್ಬೆರಳು ಸಂಜೆಯ ಹೊತ್ತಿಗೆ ಮಡಚುವುದೇ ಇಲ್ಲ. ಫಾರ್ಮಿಗೆ ಈ ಪ್ರಶ್ನೆಯ ಒಂದೇ ಒಂದು ಸಾಲು ಸೇರಿಸಿ ಎಂದು ನಾಲ್ಕು ವರ್ಷದಿಂದ ಕೇಳುತ್ತಿದ್ದಾರೆ. ನಿಮ್ಮ ಕೆಲಸ ರಕ್ತ ತೆಗೆಯುವುದು, ವಿಚಾರಣೆ ಮಾಡುವುದಲ್ಲ ಎಂದು ಮೇಲ್ವಿಚಾರಕರು ಗದರಿದ್ದಾರೆ. ಅರ್ಜಿ ಯಾವ ಮೇಜಿನಲ್ಲಿ ನಿದ್ದೆ ಹೊಡೆಯುತ್ತಿದೆಯೋ, ಆ ಮೇಜಿನವರಿಗೂ ಗೊತ್ತಿಲ್ಲ.

ಈ ಪ್ರಶ್ನೆಯನ್ನು ಅವರಿಗೆ ಕಲಿಸಿದ್ದು ಒಬ್ಬ ಟೈಲರಮ್ಮ. ಸೊಂಟದ ಕೀಲು ಸವೆದು, ಹೊಲಿಗೆ ಯಂತ್ರದ ಪೆಡಲ್ ತುಳಿಯಲಾಗದೆ ಕೂತಿರುವ ಹೆಂಗಸು. ರಕ್ತದ ಪ್ರಮಾಣ, ಅಂದರೆ ಹಿಮೋಗ್ಲೋಬಿನ್, ಹತ್ತು ದಾಟದೆ ಆಪರೇಷನ್ ಮಾಡುವುದಿಲ್ಲ ಎಂದು ಸರ್ಜನ್ ಹೇಳಿದ್ದರು. ಅದು ಎಂಟರ ಹತ್ತಿರವೇ ಗೂಟ ಹೊಡೆದು ಕೂತಿತ್ತು. ದಿನಾಂಕ ಮೂರು ಸಲ ಮುಂದಕ್ಕೆ ಹೋಯಿತು. ಎಲ್ಲೂ ರಕ್ತ ಸೋರುತ್ತಿಲ್ಲ ಎಂದು ಪರೀಕ್ಷೆಗಳು ಹೇಳಿದವು. ಮಾತ್ರೆ ಸರಿಯಾಗಿ ತಗೊಳ್ಳಮ್ಮ ಎಂದು ಎಲ್ಲರೂ ಆಕೆಗೇ ಬೈದರು. ಪಾಪ, ಆಕೆ ಒಂದು ದಿನವೂ ತಪ್ಪಿಸಿರಲಿಲ್ಲ.

ಆಕೆ ಈಚೆಗೆ ಬರತೊಡಗಿದವಳು ಎಂದುಕೊಂಡಿದ್ದೆ. ಅಲ್ಲವಂತೆ. ನಾಲ್ಕು ವರ್ಷಕ್ಕೂ ಮುಂಚಿನಿಂದ ಬರುತ್ತಿದ್ದಾಳೆ. ನಾಲ್ಕು ವರ್ಷದ ಹಿಂದೆ ಒಂದು ದಿನ ರಕ್ತ ಕೊಟ್ಟಾದ ಮೇಲೆ ಸ್ವಲ್ಪ ನೀರು ಕೊಡಿ, ಮಾತ್ರೆ ನುಂಗಬೇಕು ಎಂದಳು. ಅಂಗೈಯಲ್ಲಿ ಎರಡು ಮಾತ್ರೆ, ಒಂದು ಕಬ್ಬಿಣದ್ದು, ಇನ್ನೊಂದು ಗ್ಯಾಸಿನದು. ಎಂದೋ ನೋವಿನ ಮಾತ್ರೆಯ ಜೊತೆಗೆ ಕೊಟ್ಟದ್ದಂತೆ. ನೋವಿನ ಮಾತ್ರೆ ನಿಂತು ಆಗಲೇ ವರ್ಷಗಳಾಗಿದ್ದವು. ಅದರ ಬಾಲವಾದ ಗ್ಯಾಸ್ ಮಾತ್ರೆ ಮಾತ್ರ ನಿಂತಿರಲಿಲ್ಲ.

ಅಂದಿನಿಂದ ಎಲ್ಲರಿಗೂ ಪ್ರಶ್ನೆ ಶುರುವಾಯಿತು. ಆದರೆ ಟೈಲರಮ್ಮನ ಫೈಲಿನ ಕೆಂಪು ಅಕ್ಷರವನ್ನು ಮಾತ್ರ ಮೇಲಿನ ಮಹಡಿಯ ವೈದ್ಯರು ಯಾರೂ ಓದಲೇ ಇಲ್ಲ. ಅಕ್ಕ ಮತ್ತೆ ಬರೆದರು, ಅವರು ಮತ್ತೆ ಓದಲಿಲ್ಲ. ಕೊನೆಗೆ ಈ ವರ್ಷ ರೋಸಿಹೋಗಿ, ಚಹಾ ವಿರಾಮದಲ್ಲಿ ಚೀಟಿ ಹಿಡಿದು ಮೂರು ಮಹಡಿ ಹತ್ತಿ, ಹೊಸ ಫಿಸಿಶಿಯನ್ ಬಾಗಿಲಲ್ಲಿ ನಿಂತರು.

"ನಿಲ್ಲಿಸಿ ಅಂತ ನಾನು ಯಾರಿಗೂ ಹೇಳಲ್ಲ. ಕೆಲವರಿಗೆ ಆ ಮಾತ್ರೆ ಬೇಕೇ ಬೇಕು, ಅದನ್ನ ನೋಡೋದು ಡಾಕ್ಟ್ರು," ಎನ್ನುತ್ತಾರೆ ಅಕ್ಕ. "ಓದಿ ಸಾರ್ ಅಂದೆ, ಅಷ್ಟೇ. ಓದೋಕೇನು ಕಷ್ಟ?"

ಆ ವೈದ್ಯರು ಓದಿದರು. ಮಾತ್ರೆಯ ಅಗತ್ಯವಿಲ್ಲವೆಂದು ಕಂಡು ಅದನ್ನು ನಿಧಾನವಾಗಿ ಬಿಡಿಸಿದರು, ಕಬ್ಬಿಣವನ್ನು ನೇರ ರಕ್ತನಾಳಕ್ಕೆ ಏರಿಸಿದರು. ಇಂದು ಬೆಳಿಗ್ಗೆ ಟೈಲರಮ್ಮನದು ಕೊನೆಯ ಪರೀಕ್ಷೆ. ಕೋಲೂರಿಕೊಂಡು ಬಂದು ತೋಳು ಚಾಚಿದ್ದಾಳೆ. ಹತ್ತು ಗಂಟೆಗೆ ಯಂತ್ರದಿಂದ ಚೀಟಿ ಬರುತ್ತದೆ: ಹಿಮೋಗ್ಲೋಬಿನ್ ಹನ್ನೊಂದೂ ಕಾಲು. ಸರ್ಜನ್ ಆಪರೇಷನ್ನನ್ನು ಗುರುವಾರಕ್ಕೆ ಬರೆದುಕೊಳ್ಳುತ್ತಾರೆ. ಕಾರಣ ಕಂಡುಹಿಡಿದವರು ಯಾರು ಎಂದು ಫೈಲಿನಲ್ಲಿ ಎಲ್ಲೂ ಇಲ್ಲ.

ಹೆಸರು ಬರಲಿಲ್ಲವೆಂದು ನನಗೆ ಸಿಟ್ಟು. ಸೂಜಿ ಅಕ್ಕನಿಗೆ ಅದರ ಪರಿವೆಯೇ ಇಲ್ಲ. ನಿಮಗೇನು ಆಸೆ ಎಂದು ನಾನು ಕೇಳುವ ಹೊತ್ತಿಗೆ ಇನ್ನೊಂದು ತೋಳಿಗೆ ಪಟ್ಟಿ ಕಟ್ಟುತ್ತಿದ್ದಾರೆ.

"ಟೈಲರಮ್ಮ ಮತ್ತೆ ಈ ಕುರ್ಚಿಗೆ ಬರಬಾರದು," ಎನ್ನುತ್ತಾರೆ, ತಲೆ ಎತ್ತದೆ. "ಅವತ್ತು ಅವಳು ನೀರು ಕೇಳೋಕೆ ಮುಂಚೆ ಹನ್ನೊಂದು ಸಲ ಚುಚ್ಚಿದ್ದೆ. ಮೊದಲನೇ ಸಲಾನೇ ನಾನು ಆ ಪ್ರಶ್ನೆ ಕೇಳಿದ್ದಿದ್ರೆ ಇಷ್ಟೊತ್ತಿಗೆ ನಡ್ಕೊಂಡು ಓಡಾಡ್ತಿದ್ಲು."