ಬಣ್ಣ ತೆಗೆಯುವ ಎಣ್ಣೆ

ಕೊಬ್ಬರಿ ಎಣ್ಣೆಗೆ ಎಲ್ಲರ ಮನೆಯಲ್ಲೂ ಒಂದೇ ವಾಸನೆ. ನಮ್ಮ ಮನೆಯಲ್ಲಿ ಎರಡಿತ್ತು. ತಲೆಗೆ ಹಚ್ಚುವ ಎಣ್ಣೆ ಕಿಟಕಿ ಪಕ್ಕದ ಗೂಡಿನಲ್ಲಿ ಇರುತ್ತಿತ್ತು. ಬಣ್ಣ ತೆಗೆಯುವ ಎಣ್ಣೆ ಅವ್ವನ ತಗಡಿನ ಟ್ರಂಕಿನಲ್ಲಿ, ಹಳೇ ಔಷಧಿ ಬಾಟಲಿಯಲ್ಲಿ. ಎರಡೂ ಒಂದೇ ಅಂಗಡಿಯವು. ಆದರೆ ಟ್ರಂಕಿನೊಳಗೆ ಇದ್ದೂ ಇದ್ದೂ ಆ ಬಾಟಲಿಗೆ ಪೌಡರಿನ, ಬೆವರು ಹಿಡಿದ ಜರಿ ಸೀರೆಯ, ಚೌರಿ ಕೂದಲಿನ ವಾಸನೆ ಹತ್ತಿಕೊಂಡಿತ್ತು. ಕಳೆದ ತಿಂಗಳು ಗೋರೆಗಾಂವ್‌ನ ಒಂದು ಬಿಲ್ಡಿಂಗಿಗೆ ಎಸಿ ರಿಪೇರಿಗೆ ಹೋಗಿದ್ದೆ. ಆ ಮನೆಯ ಹುಡುಗಿ ಎಲ್ಲೋ ಡ್ಯಾನ್ಸ್ ಮುಗಿಸಿ ಬಂದು, ಕನ್ನಡಿ ಮುಂದೆ ಕೂತು, ಹತ್ತಿಯಲ್ಲಿ ಎಣ್ಣೆ ಅದ್ದಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದಳು. ನಾನು ಸ್ಟೂಲಿನ ಮೇಲೆ ನಿಂತು ಫಿಲ್ಟರ್ ಬಿಚ್ಚುತ್ತಿದ್ದೆ. ವಾಸನೆ ಬಂತು, ಕೈ ನಿಂತಿತು. "ಭಯ್ಯಾ, ಕ್ಯಾ ಹುವಾ?" ಅಂದಳು. "ಕುಛ್ ನಹೀಂ" ಅಂದು ಫಿಲ್ಟರ್ ತೆಗೆದುಕೊಂಡು ಬಾತ್‌ರೂಮಿಗೆ ಹೋದೆ. ನಲ್ಲಿ ಬಿಟ್ಟು ಫಿಲ್ಟರ್ ತೊಳೆದೆ.

ನಾವಿದ್ದದ್ದು ದಹಿಸರ್‌ನ ಒಂದು ಚಾಳಿನಲ್ಲಿ. ಈಗ ಅಲ್ಲಿ ಇಪ್ಪತ್ತೆರಡು ಮಹಡಿಯ ಟವರ್ ಇದೆ, ನಮ್ಮ ಖೋಲಿ ಇದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಅಪ್ಪ ಬಾಗಲಕೋಟೆ ಕಡೆಯ ಗೌಂಡಿ. ಮುಂಬಯಿಯಲ್ಲಿ ಎಷ್ಟು ಗೋಡೆ ಕಟ್ಟಿದನೋ ಅವನಿಗೇ ಗೊತ್ತಿರಲಿಲ್ಲ. ಅವ್ವ ಸಣ್ಣವಳಿದ್ದಾಗಿನಿಂದ ನಾಟಕ ಕಂಪನಿಯಲ್ಲಿ ಇದ್ದವಳು. ಕಂಪನಿ ಮುಚ್ಚಿತು, ಮದುವೆಯಾಯಿತು, ಇಲ್ಲಿಗೆ ಬಂದಳು. ಇಲ್ಲಿನ ಕನ್ನಡದವರ ಸಂಘಗಳು ನಾಟಕ ಆಡಿಸುತ್ತಿದ್ದವು. ಗಂಡು ಪಾರ್ಟು ಮಾಡಲು ಬ್ಯಾಂಕಿನವರು, ಫೋರ್ಟಿನ ಹೋಟೆಲಿನವರು ನಾ ಮುಂದೆ ತಾ ಮುಂದೆ ಅಂತ ಬರುತ್ತಿದ್ದರು. ಹೆಣ್ಣು ಪಾರ್ಟಿಗೆ ಯಾರೂ ಇಲ್ಲ. ಹಾಗಾಗಿ ಎಲ್ಲರೂ ಅವ್ವನನ್ನೇ ಕರೆಯುತ್ತಿದ್ದರು. ಒಂದು ಭಾನುವಾರ ರಾಣಿ, ಇನ್ನೊಂದು ಭಾನುವಾರ ಜಗಳಗಂಟಿ ಅತ್ತೆ. ನಾಟಕವೆಲ್ಲ ಹೆಚ್ಚಾಗಿ ಮಧ್ಯಾಹ್ನವೇ. ಜನ ನೋಡಿ, ಚಹಾ ಕುಡಿದು, ಬೆಳಕಿರುವಾಗಲೇ ಲೋಕಲ್ ಹಿಡಿದು ಮನೆ ಸೇರಬೇಕಲ್ಲ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಅವಳ ಪಾರ್ಟನ್ನೂ ಎದುರಿನವರ ಮಾತುಗಳನ್ನೂ ನಾಟಕ ಕಲಿಸುವ ಮಾಸ್ತರು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕೊಡುತ್ತಿದ್ದರು. ಅಪ್ಪ ಏಳನೇ ಕ್ಲಾಸಿನವರೆಗೆ ಹೋಗಿದ್ದ. ಸಂಜೆ ಕೆಲಸದಿಂದ ಬಂದು, ಮೊಣಕೈವರೆಗೆ ಅಂಟಿದ ಸಿಮೆಂಟು ತಿಕ್ಕಿ ತೊಳೆದು, ಗೋಡೆಗೆ ಒರಗಿ ಕೂತು ಓದುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ಅಪ್ಪನ ಓದು ಹೇಗಿತ್ತು ಅಂದರೆ ರಾಜ, ಕಳ್ಳ, ಪ್ರೇಮಿ, ಸಾಯುತ್ತಿರುವ ಮುದುಕ, ಎಲ್ಲರಿಗೂ ಒಂದೇ ದನಿ. ಎಷ್ಟು ಚೀಲ ಉಸುಕು ಬೇಕು ಅಂತ ಕಂಟ್ರಾಕ್ಟರಿಗೆ ಹೇಳುವ ದನಿ. ಎರಡು ಸಲ ಕೇಳಿದರೆ ಅವ್ವನಿಗೆ ಬಾಯಿಪಾಠ. ರೊಟ್ಟಿ ಬಡಿಯುವ ಸದ್ದು, ಹೊರಗೆ ಕೊಡಪಾನಗಳ ಸದ್ದು, ನಡುವೆ ಅಪ್ಪನ ಆ ಚಪ್ಪಟೆ ದನಿ. ಒಂದು ನಾಟಕದಲ್ಲಿ ಸಂತೆಗೆ ಹೋದ ಗಂಡ ಎಮ್ಮೆ ಕಳೆದುಕೊಂಡು ಬಂದು ಹೆಂಡತಿಯ ಮುಂದೆ ಅಳಬೇಕು. ಅಪ್ಪ ಓದಿದ: "ಎಮ್ಮಿ ಕಳೀತು." ಅಷ್ಟೇ.

ಅವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ಏ, ಖರೇನ ನಿನ್ನ ಎಮ್ಮಿ ಕಳದಿದ್ರ ಹಿಂಗ ಹೇಳ್ತಿದ್ದೇನು?"

"ಕಳದ ಮ್ಯಾಲೆ ಜೋರಾಗಿ ಹೇಳಿದ್ರ ತಿರುಗಿ ಬರ್ತೈತೇನು?" ಅಂದ ಅಪ್ಪ. ಪುಟ ತಿರುಗಿಸಿದ.

ಅವ್ವನದೊಂದು ಕಾಯ್ದೆ ಇತ್ತು. ಕಂಪನಿಯಿಂದ ಕಲಿತು ಬಂದದ್ದು. ಮುಖಕ್ಕೆ ಬಣ್ಣ ಹತ್ತಿದ ಮೇಲೆ ಮನೆಯ ಸುದ್ದಿ ಯಾರೂ ಹೇಳಬಾರದು, ಅವಳೂ ಕೇಳುವುದಿಲ್ಲ. ಅವಳ ಕಂಪನಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಬಣ್ಣದಲ್ಲಿದ್ದಾಗ ಯಾರೋ ಊರಿನ ಕೆಟ್ಟ ಸುದ್ದಿ ಹೇಳಿಬಿಟ್ಟಿದ್ದರಂತೆ. ಅವಳು ಸ್ಟೇಜಿಗೆ ಹೋಗಿ ಕಂಬದ ಹಾಗೆ ನಿಂತಳಂತೆ, ಒಂದು ಮಾತೂ ಬರಲಿಲ್ಲವಂತೆ, ಜನ ಎದ್ದು ಗಲಾಟೆ ಮಾಡಿದರಂತೆ. "ಮಾರಿಗೆ ಬಣ್ಣ ಬಿತ್ತಂದ್ರ ಮನಿ ಬಾಗಿಲಾ ಬಂದ್. ಯಾರ ಹುಟ್ಟಲಿ, ಯಾರ ಸಾಯ್ಲಿ, ಎಣ್ಣಿ ಹಚ್ಚಿ ಬಣ್ಣ ತಗದ ಮ್ಯಾಲೆ ಹೇಳ್ರಿ" ಅನ್ನುತ್ತಿದ್ದಳು. ನಾನು ಆರು ವರ್ಷದವನಿದ್ದಾಗ ಒಂದು ಸಲ ಈ ಕಾಯ್ದೆ ಮುರಿದೆ. ಗ್ರೀನ್ ರೂಮಿಗೆ ಓಡಿ ಹೋಗಿ, "ಅವ್ವಾ, ಇವತ್ತ ನಳಕ್ಕ ನೀರ ಬರಲಿಲ್ಲ" ಅಂದೆ. ಕಿರೀಟ ಹಾಕಿಕೊಂಡು ಸ್ಟೇಜಿಗೆ ಹೋದ ರಾಣಿ ಎರಡು ಮಾತು ಮರೆತಳು. ಬಣ್ಣ ತೆಗೆದ ಮೇಲೆ ನನಗೆ ಒಂದು ಬಿತ್ತು. "ಸಿಂಹಾಸನದ ಮ್ಯಾಲೆ ಕುಂತು ಕೊಡಾ ಎಣಿಸಾಕತ್ತಿದ್ದೆ" ಅಂದಳು. ಅಪ್ಪ ನಗುತ್ತಾ ನನ್ನ ಕೆನ್ನೆ ಉಜ್ಜಿದ. "ರಾಣಿಗೆ ನಳದ ಸುದ್ದಿ ಹೇಳಬಾರದೋ, ಹುಚ್ಚಪ್ಪ." ಆ ಹೊಡೆತ ನನಗೆ ಪಾಠವಾಗಿ ಕೂತುಬಿಟ್ಟಿತು.

ನನಗೆ ಹನ್ನೊಂದು ತುಂಬಿತ್ತು. ಅದೇ ಎಮ್ಮೆ ಕಳೆದ ನಾಟಕ, ಮಾಟುಂಗಾದ ಒಂದು ಹಾಲಿನಲ್ಲಿ. ಅವ್ವ ಹನ್ನೊಂದು ಗಂಟೆಗೇ ಟ್ರಂಕು ಎತ್ತಿಕೊಂಡು ಹೋದಳು. ಅಪ್ಪ ಮನೆಯಲ್ಲಿದ್ದ. ಸ್ವಲ್ಪ ಹೊತ್ತಿನ ಮೇಲೆ ನಾವಿಬ್ಬರೂ ಊಟಕ್ಕೆ ಕೂರಬೇಕು ಅನ್ನುವಾಗ ಅಪ್ಪ ಎದೆ ಹಿಡಿದುಕೊಂಡು ಗೋಡೆಗೆ ಒರಗಿದ. ನಾಟಕ ಓದಲು ಕೂರುವ ಅದೇ ಜಾಗ. ಅಂಗಿ ಪೂರ್ತಿ ಒದ್ದೆಯಾಯಿತು. ಪಕ್ಕದ ಮನೆ ಮೌಶಿಯನ್ನು ಕರೆದೆ. ಅವಳು ಮರಾಠಿಯವಳು, ಗಟ್ಟಿಗಿತ್ತಿ. ನಾಲ್ಕು ಜನ ಗಂಡಸರನ್ನು ಕೂಗಿ, ಅಪ್ಪನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ದವಾಖಾನೆಗೆ ಹೊರಟಳು. ಹೊರಡುವಾಗ ನನಗೆ, "ಜಾ, ಆಯಿಲಾ ಘೇವೂನ್ ಯೇ. ಲವಕರ್!" ಅಂದಳು, ಹೋಗಿ ಅವ್ವನನ್ನು ಬೇಗ ಕರೆದುಕೊಂಡು ಬಾ ಅಂತ. ನಮ್ಮ ಮನೆಗೆ ಇದ್ದದ್ದು ಒಂದೇ ಮೊಬೈಲು, ಅದು ಅಪ್ಪನ ಜೇಬಿನಲ್ಲಿತ್ತು. ಅಪ್ಪ ರಿಕ್ಷಾದೊಳಗಿಂದ ನನ್ನನ್ನು ನೋಡಿದ.

ನಾನು ಸ್ಲೋ ಲೋಕಲ್ ಹಿಡಿದೆ. ಬೋರಿವಲಿ, ಕಾಂದಿವಲಿ, ಮಲಾಡ್, ಪ್ರತಿ ಸ್ಟೇಷನ್ನಿನಲ್ಲೂ ನಿಂತಿತು. ಅವ್ವನಿಗೆ ಹೇಗೆ ಹೇಳಬೇಕು ಅಂತ ಬಾಯಲ್ಲೇ ಹೇಳಿಕೊಂಡು ನೋಡುತ್ತಿದ್ದೆ. ಅಂಧೇರಿ ದಾಟಿದ ಮೇಲೆ ನೆನಪಾಯಿತು, ಅವಳು ಬಣ್ಣ ಹಚ್ಚಿರುತ್ತಾಳೆ. ಆಮೇಲೆ ಹೇಳಿಕೊಳ್ಳುವುದು ನಿಲ್ಲಿಸಿದೆ. ಹಾಲಿಗೆ ಹೋದಾಗ ನಾಟಕ ಶುರುವಾಗಿತ್ತು. ಮಾಸ್ತರು ಪರದೆ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ನಿಂತಿದ್ದರು. "ಏನಪಾ, ಒಬ್ಬನ ಬಂದಿ?" ಅಂದರು. "ಸುಮ್ನ, ನಾಟಕ ನೋಡಾಕ" ಅಂದೆ. ಅಲ್ಲೇ ನಿಂತೆ. ಅವ್ವ ಸ್ಟೇಜಿನ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಗಂಡನ ಪಾರ್ಟಿನವ ಬಂದು, ನೆಲಕ್ಕೆ ಬಿದ್ದು, ಎದೆ ಎದೆ ಬಡಿದುಕೊಂಡು, "ಎಮ್ಮೀ ಕಳೀತೋ..." ಅಂತ ಅತ್ತ. ಜನ ಬಿದ್ದು ಬಿದ್ದು ನಕ್ಕರು. ನನಗೆ ಅಪ್ಪ ಅದನ್ನು ಓದಿದ ರೀತಿ ನೆನಪಾಯಿತು. ನಾನೂ ನಕ್ಕೆ. ಹೌದು, ನಕ್ಕೆ. ಎಷ್ಟು ಸಲ ತಿರುಗಿಸಿ ನೋಡಿದರೂ ಆ ಹುಡುಗ ಅಲ್ಲಿ ನಿಂತು ನಗುತ್ತಲೇ ಇದ್ದಾನೆ.

ಇಂಟರ್ವಲ್ ಆಯಿತು. ಅವ್ವ ಒಳಗೆ ಬಂದಳು. ಮುಖದ ತುಂಬ ಗುಲಾಬಿ ಬಣ್ಣ, ಹುಬ್ಬಿಗೆ ದಪ್ಪ ಕಪ್ಪು. ನನ್ನನ್ನು ನೋಡಿ ಒಂದು ಗಳಿಗೆ ನಿಂತಳು. ಏನೋ ಕೇಳಬೇಕು ಅಂತ ಬಾಯಿ ತೆರೆದದ್ದು ನನಗೆ ಕಂಡಿತು. ಕೇಳಿದ್ದು ಇಷ್ಟೇ: "ಉಂಡೀ?"

"ಹೂಂ" ಅಂದೆ.

ಉಂಡಿರಲಿಲ್ಲ. ಮಾಸ್ತರು ವಡಾಪಾವ್ ಕೊಟ್ಟರು, ಹಸಿದಿದ್ದೆ, ತಿಂದೆ. ದವಾಖಾನೆಗೆ ಹೋದವರಿಗೆ ಸೂಜಿ ಚುಚ್ಚುತ್ತಾರೆ, ಗುಳಿಗೆ ಕೊಡುತ್ತಾರೆ, ಸಂಜೆಗೆ ಮನೆಗೆ ಕಳಿಸುತ್ತಾರೆ. ನನಗೆ ಗೊತ್ತಿದ್ದದ್ದು ಅಷ್ಟೇ. ಇನ್ನೊಂದು ತಾಸು ತಾನೇ ಅಂದುಕೊಂಡೆ. ನಾನು ಹೇಳಿಬಿಟ್ಟು, ಅವ್ವ ಸ್ಟೇಜಿನ ಮೇಲೆ ಕಂಬದ ಹಾಗೆ ನಿಂತು, ಅಷ್ಟೂ ಜನ ಗಲಾಟೆ ಮಾಡುವುದು ನನ್ನ ಕಣ್ಣಿಗೆ ಕಟ್ಟಿತ್ತು. ನನಗೆ ಅದರದೇ ಹೆದರಿಕೆ.

ನಾಟಕ ಮುಗಿಯಿತು. ಜನ ಚಪ್ಪಾಳೆ ಹೊಡೆದರು. ಅವ್ವ ಗ್ರೀನ್ ರೂಮಿನಲ್ಲಿ ಕೂತು ಟ್ರಂಕು ತೆರೆದಳು. ಚಳಿಗಾಲ, ಮೇಲೆ ಎಸಿಯ ತಂಪು, ಎಣ್ಣೆ ಗಟ್ಟಿಯಾಗಿತ್ತು. ಬಾಟಲಿಯನ್ನು ಎರಡೂ ಅಂಗೈ ನಡುವೆ ಇಟ್ಟು ಬೆಚ್ಚಗೆ ಮಾಡಿ ಕೊಡುವುದು ಮೊದಲಿನಿಂದಲೂ ನನ್ನ ಕೆಲಸ. ಉಜ್ಜಿದೆ, ಉಜ್ಜಿದೆ, ಅದು ಕರಗಲೇ ಇಲ್ಲ. ಕೊನೆಗೆ ಒಂದಿಷ್ಟು ಕರಗಿತು. ಅವ್ವ ಬಲಗೆನ್ನೆ ಒರೆಸಿದಳು, ಹಣೆ ಅರ್ಧ ಒರೆಸಿದಳು. ಒರೆಸಿದ ಕಡೆ ನನ್ನ ಅವ್ವ ಕಂಡಳು. ಇನ್ನು ತಡೆಯಲು ಆಗಲಿಲ್ಲ.

"ಅಪ್ಪನ್ನ ದವಾಖಾನಿಗೆ ಒಯ್ದಾರ."

ಬಟ್ಟೆ ಕೈಯಲ್ಲೇ ಉಳಿಯಿತು. "ಯಾವಾಗ?"

"ನಾ ಬರೂದಕ್ಕಿಂತ ಮೊದಲ."

ಅವ್ವ ಎದ್ದಳು. ಟ್ರಂಕು, ಎಣ್ಣೆ, ಚಪ್ಪಲಿ ಎಲ್ಲ ಅಲ್ಲೇ. ನನ್ನ ಕೈ ಹಿಡಿದು ಓಡಿದಳು. ಲೋಕಲ್‌ನಲ್ಲಿ ಜನ ಅವಳನ್ನೇ ನೋಡುತ್ತಿದ್ದರು. ಮುಖ ಒಂದು ಕಡೆ ಕಪ್ಪಗೆ ಎಣ್ಣೆ ಎಣ್ಣೆ, ಇನ್ನೊಂದು ಕಡೆ ಗುಲಾಬಿ ಬಣ್ಣ, ದಪ್ಪ ಹುಬ್ಬು. ಎದುರಿನ ಸೀಟಿನ ಸಣ್ಣ ಮಗು ಬೆರಳು ತೋರಿಸಿ ನಕ್ಕಿತು. ಅದರ ತಾಯಿ ಮಗುವಿನ ಕೈ ಕೆಳಗೆ ಎಳೆದಳು. ಅವ್ವನ ಕಣ್ಣು ಕಿಟಕಿಯ ಆಚೆ ಇತ್ತು. ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳು ಅಂದರೆ ಬೆರಳು ಜೋಮು ಹಿಡಿದವು.

ದವಾಖಾನೆಯ ಮೆಟ್ಟಿಲ ಮೇಲೆ ಮೌಶಿ ಕೂತಿದ್ದಳು. ಅವಳು ಎದ್ದ ರೀತಿಯಲ್ಲೇ ಗೊತ್ತಾಯಿತು. ಒಂದು ತಾಸಿನ ಹಿಂದೆ. ನಾವು ಮಾಟುಂಗಾದಲ್ಲಿ ಎಣ್ಣೆ ಕರಗಿಸುತ್ತಿದ್ದಾಗ ಅಂತ ಇಟ್ಟುಕೊಳ್ಳಿ. ಮೌಶಿ ಅವ್ವನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಕೇಳಿದಳು: "ಆಖರಿ ತಕ್ ಬಣ್ಣಾ, ಬಣ್ಣಾ ಬೋಲ್ ರಹಾ ಥಾ. ಯೇ ಬಣ್ಣಾ ಕೌನ್ ಹೈ?"

ಅವ್ವ ತನ್ನ ಎಡಗೆನ್ನೆ ಮುಟ್ಟಿ ತೋರಿಸಿದಳು. "ರಂಗ್, ಮೌಶಿ" ಅಂದಳು. "ರಂಗ್."

ಕೊನೆಯವರೆಗೂ ಬಣ್ಣಾ, ಬಣ್ಣಾ ಅನ್ನುತ್ತಿದ್ದನಂತೆ ಅಪ್ಪ, ಅದು ಯಾರದೋ ಹೆಸರು ಅಂದುಕೊಂಡಿದ್ದಳು ಮೌಶಿ. ಅಪ್ಪ ಏನು ಹೇಳಿದನೋ. ಬಣ್ಣ ತೆಗೆದಳಾ ಅಂತ ಕೇಳಿದನೋ, ಬಣ್ಣ ತೆಗೆಯುವವರೆಗೆ ಹೇಳಬೇಡ ಅಂದನೋ, ಬಣ್ಣದಲ್ಲಿದ್ದರೂ ಕರೆದುಕೊಂಡು ಬಾ ಅಂದನೋ. ಮೌಶಿಗೆ ಕನ್ನಡ ಬರುತ್ತಿರಲಿಲ್ಲ, ಆ ಒಂದು ಮಾತು ಮಾತ್ರ ಕಿವಿಯಲ್ಲಿ ಉಳಿದಿತ್ತು. ಹತ್ತು ಸಲ ಕೇಳಿದೆ. ಅವಳು ಪಾಪ, ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡುತ್ತಿದ್ದಳು. ಇಲ್ಲ. ಈಗ ಅವಳೂ ಇಲ್ಲ.

ಅಪ್ಪನನ್ನು ಚಾಳಿಗೆ ತಂದರು. ಅವ್ವ ದವಾಖಾನೆಯ ನಲ್ಲಿಯಲ್ಲಿ ಮುಖ ತೊಳೆದಿದ್ದಳು, ಬರೀ ನೀರಿಗೆ ಆ ಬಣ್ಣ ಹೋಗುವುದಿಲ್ಲ. ಹಾಗೇ ಬಂದು ಅಪ್ಪನ ಪಕ್ಕ ಕೂತಳು. ಬಂದ ಹೆಂಗಸರು ಹೆಣ ನೋಡುತ್ತಿದ್ದರು, ಆಮೇಲೆ ಅವ್ವನ ಮುಖ ನೋಡುತ್ತಿದ್ದರು. ಮೌಶಿ ಗೂಡಿನಿಂದ ತಲೆಗೆ ಹಚ್ಚುವ ಎಣ್ಣೆ ತಂದು, ತನ್ನ ಸೆರಗಿನಿಂದಲೇ ಉಳಿದ ಅರ್ಧ ಮುಖ ಒರೆಸಿದಳು. ಅವ್ವ ಸಣ್ಣ ಮಗುವಿನ ಹಾಗೆ ಮುಖ ಕೊಟ್ಟು ಕೂತಿದ್ದಳು. ಜೋರಾಗಿ ಅಳಲಿಲ್ಲ. ಕಿವಿಯ ಹಿಂದೆ, ಕೂದಲ ಬುಡದಲ್ಲಿ ಒಂದಿಷ್ಟು ಗುಲಾಬಿ ಉಳಿದಿತ್ತು. ಎಷ್ಟೋ ದಿನ ಇತ್ತು.

ಎರಡು ತಿಂಗಳ ಮೇಲೆ ಮಾಸ್ತರು ಟ್ರಂಕು ತಂದು ಕೊಟ್ಟರು. ಬಗಲಲ್ಲಿ ಹೊಸ ನೋಟ್‌ಬುಕ್ಕೂ ಇತ್ತು, ಅದನ್ನು ಕೊಡಲು ಬಾಯಿ ಬರದೆ ಬಾಗಿಲಲ್ಲೇ ನಿಂತರು. ಅವ್ವನೇ ಕೈ ಚಾಚಿ ಇಸಿದುಕೊಂಡಳು. "ಓದಾವ್ರು ಯಾರು ಅಂತೇನ್ರೀ ಮಾಸ್ತರ? ಇಂವ ಓದ್ತಾನ" ಅಂದಳು. ನಾನು ಅಪ್ಪನ ಜಾಗದಲ್ಲಿ ಕೂತೆ. ನನ್ನದು ಮರಾಠಿ ಸ್ಕೂಲು, ಕನ್ನಡದ ಓದು ಅಪ್ಪನಿಗಿಂತ ಕಡೆ, ಒಂದೊಂದೇ ಅಕ್ಷರ ಕೂಡಿಸಬೇಕಿತ್ತು. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ ಕಾಯುತ್ತಿದ್ದಳು. ಆಮೇಲೆ ನಾನು ಸ್ಕೂಲ್ ಬಿಟ್ಟೆ, ಆದರೆ ಇದನ್ನು ಬಿಡಲಿಲ್ಲ. ನನಗೆ ಬರುವ ಕನ್ನಡವೆಲ್ಲ ಆ ನೋಟ್‌ಬುಕ್ಕಿನದೇ.

ನೀರಿನ ಸುದ್ದಿ ಹೇಳಿದ್ದಕ್ಕೆ ಹೊಡೆದಿದ್ದಳಲ್ಲ, ಇದಕ್ಕೂ ಹೊಡೆಯುತ್ತಾಳೆ ಅಂತ ಎಷ್ಟೋ ವರ್ಷ ಕಾದೆ. ಯಾಕೆ ಹೇಳಲಿಲ್ಲ ಅಂತ ಒಂದು ಸಲವೂ ಕೇಳಲಿಲ್ಲ. ಒಂದು ಸಂಜೆ ಓದುತ್ತಾ ಓದುತ್ತಾ ನಾನೇ ನಿಲ್ಲಿಸಿದೆ. "ಅವ್ವಾ, ಅವತ್ತ ಇಂಟರ್ವಲ್‌ನ್ಯಾಗ ನಾ..." ಅಂದೆ.

"ಮುಂದಿನ ಮಾತ ಓದು" ಅಂದಳು.

ಓದಿದೆ.

ಅವ್ವ ಈಗಲೂ ನಾಟಕ ಮಾಡುತ್ತಾಳೆ. ಈಗ ಎಲ್ಲ ಮುದುಕಿ ಪಾರ್ಟು. ಸಂಘದ ಹುಡುಗಿಯರು ಬಣ್ಣ ತೆಗೆಯಲು ಒದ್ದೆ ಕಾಗದ ತರುತ್ತಾರೆ, ನಿಂಬೆ ವಾಸನೆಯದು. ಅವ್ವನಿಗೆ ಎಣ್ಣೆಯೇ ಬೇಕು. ನಾಟಕವಿದ್ದ ದಿನ ನಾನು ಕೆಲಸಕ್ಕೆ ರಜೆ ಹಾಕಿ ಟ್ರಂಕು ಹೊತ್ತುಕೊಂಡು ಹೋಗುತ್ತೇನೆ. ಅವಳ ಹಳೇ ಕಾಯ್ದೆ ಈಗ ಇಲ್ಲ. ಬಣ್ಣ ಹಚ್ಚಿ ಮುಗಿಸಿ, ಸ್ಟೇಜಿಗೆ ಹೋಗುವ ಮುಂಚೆ, ನನ್ನನ್ನು ಹತ್ತಿರ ಕರೆಯುತ್ತಾಳೆ. "ಮನ್ಯಾಗ ಏನರ ಐತೇನು? ಇದ್ರ ಈಗ ಹೇಳು" ಅನ್ನುತ್ತಾಳೆ.

ಮನೆಯಲ್ಲಿ ಇರುವವರೇ ನಾವಿಬ್ಬರು. ಇಬ್ಬರೂ ಇಲ್ಲೇ ಇದ್ದೇವೆ. ಬಾಗಿಲಿಗೆ ಬೀಗ ಹಾಕಿ ಬಂದಿದ್ದೇವೆ, ಕೀಲಿ ನನ್ನ ಜೇಬಿನಲ್ಲಿದೆ. ಅದು ಅವಳಿಗೂ ಗೊತ್ತು. ಆದರೂ ಪ್ರತಿ ಸಲ ಕೇಳುತ್ತಾಳೆ, ಕೇಳಿ ನನ್ನ ಬಾಯಿಯನ್ನೇ ನೋಡುತ್ತಾ ನಿಲ್ಲುತ್ತಾಳೆ.

"ಏನೂ ಇಲ್ಲವ್ವಾ" ಅನ್ನುತ್ತೇನೆ.

ತಲೆ ಆಡಿಸಿ ಬೆಳಕಿಗೆ ಹೋಗುತ್ತಾಳೆ. ನಾನು ಪರದೆ ಪಕ್ಕ ನಿಂತು, ಎಣ್ಣೆ ಬಾಟಲಿಯನ್ನು ಅಂಗೈ ನಡುವೆ ಇಟ್ಟುಕೊಂಡು, ಈಗಿನಿಂದಲೇ ಉಜ್ಜಲು ಶುರು ಮಾಡುತ್ತೇನೆ.